‘ಮಲ್ಟಿಫೇಸ್’ ಅಂದರೆ ‘ಬಹುಹಂತ’ ಆಗುತ್ತಾ? ಒಂದು ಪದ ಬೇಕಾಗಿದೆ

ಗೆಳೆಯರೇ,

ಇಂಗಾಲದ ಡೈಆಕ್ಸೈಡನ್ನು ಹಳೆಯ ತೈಲ ನಿಕ್ಷೇಪಗಳ ಆಳಕ್ಕೆ ತುಂಬಿ ಅಲ್ಲೇ ಉಳಿಸುವ ಕೆಲಸದ ಬಗ್ಗೆ ಕಾಲೇಜು ಹುಡುಗರಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಅರ್ಧ ದಾರಿಯಲ್ಲಿ ಒಂದು ಪದದ ಮುಂದೆ ನಿಂತುಬಿಟ್ಟಿದ್ದೇನೆ. ‘ಮಲ್ಟಿಫೇಸ್ ಫ್ಲೋ’, ಅಂದರೆ ಒಂದರೊಳಗೊಂದು ಬೆರೆಯದ ದ್ರವ, ಅನಿಲಗಳು ಒಟ್ಟಿಗೇ ಹರಿಯುವುದು. ಇದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ಮೊದಲು ಕೈಗೆ ಸಿಗುವ ಪದ ‘ಬಹುಹಂತದ ಹರಿವು’. ನಾನೂ ಮೊದಲ ಕರಡಿನಲ್ಲಿ ಅದನ್ನೇ ಬರೆದಿದ್ದೆ. ಓದಿದ ಹುಡುಗನೊಬ್ಬ ‘ಮೊದಲು ನೀರು ಹರಿದು, ಆಮೇಲೆ ಎಣ್ಣೆ ಹರಿದು, ಕೊನೆಗೆ ಅನಿಲ ಹರಿಯುತ್ತದಾ?’ ಎಂದು ಕೇಳಿದ. ತಪ್ಪು ಅವನದಲ್ಲ. ಹಂತ ಅಂದರೆ ನಮ್ಮ ಕಿವಿಗೆ ಒಂದು ಮುಗಿದ ಮೇಲೆ ಇನ್ನೊಂದು. ಮತದಾನದ ಮೊದಲ ಹಂತ, ಕಾಮಗಾರಿಯ ಎರಡನೇ ಹಂತ. ಆದರೆ ನಿಕ್ಷೇಪದ ಕಲ್ಲಿನೊಳಗೆ ಎಲ್ಲವೂ ಒಟ್ಟಿಗೇ ನಡೆಯುತ್ತದೆ. ಮರಳುಗಲ್ಲಿನಲ್ಲಿ ಸಾಮಾನ್ಯವಾಗಿ ಕೂದಲೆಳೆಗಿಂತ ಸಣ್ಣ ಸಂದುಗಳಿರುತ್ತವೆ. ಅದೇ ಸಂದಿನಲ್ಲಿ ಉಪ್ಪುನೀರು, ಉಳಿದ ಎಣ್ಣೆ, ಹೊಸದಾಗಿ ಬಂದ ಡೈಆಕ್ಸೈಡ್ ಮೂರೂ ಇರುತ್ತವೆ. ಒಂದನ್ನೊಂದು ತಳ್ಳುತ್ತವೆ, ಒಂದಕ್ಕೊಂದು ಅಡ್ಡ ಬರುತ್ತವೆ.

ಚಂದ್ರನ ಫೇಸಿಗೆ ನಮ್ಮಲ್ಲಿ ‘ಕಲೆ’ ಇದೆ. ತ್ರೀ ಫೇಸ್ ಕರೆಂಟನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಒಂದೇ ಪದ. ನಮಗೂ ಒಂದೇ ಪದ ಇರಬೇಕೆಂದೇನೂ ಇಲ್ಲ, ಅಲ್ವಾ?

ಹಾಗಾದರೆ ‘ಸ್ಥಿತಿ’ ಅಥವಾ ‘ಅವಸ್ಥೆ’ ಅಂದರೆ? ಶಾಲೆಯಲ್ಲಿ ಘನ, ದ್ರವ, ಅನಿಲ ಸ್ಥಿತಿಗಳು ಎಂದು ಕಲಿತಿದ್ದೇವೆ. ಇಲ್ಲಿ ಅದೂ ಕೈಕೊಡುತ್ತದೆ. ನೀರು, ಎಣ್ಣೆ ಎರಡೂ ದ್ರವಗಳೇ. ಸ್ಥಿತಿ ಒಂದೇ, ಆದರೆ ಫೇಸ್ ಎರಡು. ಡೈಆಕ್ಸೈಡಿನ ಕಥೆ ಇನ್ನೂ ಬೇರೆ. ಸುಮಾರು 31 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಸುಮಾರು 74 ಬಾರ್ ಒತ್ತಡ ದಾಟಿದರೆ ಅದು ಅನಿಲವೂ ಅಲ್ಲ, ದ್ರವವೂ ಅಲ್ಲ. ದ್ರವದಷ್ಟು ದಟ್ಟವಾಗಿರುತ್ತದೆ, ಆದರೆ ಅನಿಲದ ಹಾಗೆ ಸಲೀಸಾಗಿ ನುಸುಳುತ್ತದೆ. ಅದಕ್ಕೇ ಇದನ್ನು ಸಾಮಾನ್ಯವಾಗಿ 800 ಮೀಟರಿಗಿಂತ ಆಳಕ್ಕೆ ಕಳಿಸುತ್ತಾರೆ. ಅಲ್ಲಿನ ಶಾಖ, ಒತ್ತಡ ಇದನ್ನು ಆ ಗೆರೆ ದಾಟಿಸುತ್ತವೆ. ಇಂಗ್ಲಿಷಿನಲ್ಲಿ ‘ಕ್ರಿಟಿಕಲ್’ ಎನ್ನುವ ಈ ಗೆರೆಗೆ ನಮ್ಮ ಪುಸ್ತಕಗಳಲ್ಲಿ ‘ಕ್ರಾಂತಿ’ ಸೇರಿಸಿದ ಪದಗಳಿವೆ. ಕೆಲವರಿಗೆ ಅದು ದಂಗೆಯನ್ನು ನೆನಪಿಸುತ್ತದೆ. ನನಗೆ ಮಾತ್ರ ಅದು ಒಳ್ಳೆಯ ಪದ ಅನ್ನಿಸುತ್ತದೆ. ಸಂಕ್ರಾಂತಿಯಲ್ಲಿ ಇರುವುದೂ ದಾಟುವ ಅರ್ಥವೇ ತಾನೇ.

ಫೇಸ್ ಅನ್ನುವುದರ ತಿರುಳು ಇರುವುದು ಗಡಿಯಲ್ಲಿ ಎಂದು ನನಗೆ ಈಗ ಅನ್ನಿಸುತ್ತಿದೆ. ಎರಡರ ನಡುವೆ ಗಡಿ ಇದ್ದರೆ ಎರಡು ಫೇಸ್. ಗಡಿ ಅಳಿದರೆ ಒಂದೇ. ತೈಲದ ನಿಕ್ಷೇಪದಲ್ಲಿ ಇದು ನಿಜಕ್ಕೂ ನಡೆಯುತ್ತದೆ. ಒತ್ತಡ ಸಾಕಷ್ಟಿದ್ದರೆ ಡೈಆಕ್ಸೈಡ್ ಮತ್ತು ಎಣ್ಣೆ ಬೆರೆತು ಒಂದಾಗುತ್ತವೆ. ಎಣ್ಣೆ ಉಬ್ಬುತ್ತದೆ, ತೆಳುವಾಗುತ್ತದೆ, ಕಲ್ಲಿನಿಂದ ಬಿಟ್ಟುಕೊಂಡು ಬರುತ್ತದೆ. ಟೆಕ್ಸಾಸಿನಲ್ಲಿ 1972ರಿಂದ ಈ ಗುಣವನ್ನೇ ನಂಬಿ ಎಣ್ಣೆ ತೆಗೆಯುತ್ತಿದ್ದಾರೆ. ಕೆನಡಾದ ವೇಬರ್ನ್ ತೈಲಕ್ಷೇತ್ರದಲ್ಲಿ ಇದೇ ಕೆಲಸ 2000ದಲ್ಲಿ ಶುರುವಾಯಿತು. ಎಣ್ಣೆಯನ್ನು ಹೊರಗೆ ತಳ್ಳಿದ ಡೈಆಕ್ಸೈಡಿನ ಒಂದು ಪಾಲು ಕೆಳಗೇ ಉಳಿಯುತ್ತದೆ.

‘ಪ್ರಾವಸ್ಥೆ’ ಎಂಬ ಪದ ವಿಜ್ಞಾನದ ಪುಸ್ತಕಗಳಲ್ಲಿದೆ, ಗೊತ್ತು. ಅದರೊಳಗೂ ಅವಸ್ಥೆಯೇ ಕೂತಿದೆ. ಹುಡುಗರು ಮತ್ತೆ ಘನ-ದ್ರವ-ಅನಿಲಕ್ಕೇ ಹೋಗುತ್ತಾರೆ. ‘ಬಣ’, ‘ಪಂಗಡ’ ಎಂದೂ ಬರೆದು ನೋಡಿದೆ. ಮನುಷ್ಯರ ಜಗಳದ ವಾಸನೆ ಬಂತು, ಬಿಟ್ಟೆ.

ಸದ್ಯಕ್ಕೆ ನನಗೆ ತೋಚಿರುವುದು ‘ಒಡಹರಿವು’. ಒಡಹುಟ್ಟು, ಒಡನಾಟ ಇದ್ದ ಹಾಗೆ. ಒಡಹುಟ್ಟಿದವರು ಒಟ್ಟಿಗೇ ಇರುತ್ತಾರೆ, ಆದರೆ ಬೇರೆ ಬೇರೆ ಆಳು. ಇಲ್ಲೂ ಅದೇ. ಎಣ್ಣೆ, ನೀರು ಒಡಹರಿಯುತ್ತವೆ, ಬೆರೆಯುವುದಿಲ್ಲ. ಬೆರೆತರೆ ಅದು ಒಡಹರಿವಲ್ಲ, ಬರೀ ಹರಿವು. ಕ್ರಿಯಾಪದವಾಗಿಯೂ ಬಳಸಬಹುದು. ಆದರೆ ಇದರಿಂದ ‘ಫೇಸ್’ ಎಂಬ ನಾಮಪದದ ಕಷ್ಟ ತೀರಲಿಲ್ಲ. ‘ಎರಡು ಫೇಸ್‌ಗಳ ನಡುವಿನ ಗಡಿ’ ಎಂದು ಬರೆಯುವಾಗ ಏನು ಮಾಡಲಿ?

ಹತ್ತಿರದ ಇನ್ನೊಂದು ಪದವೂ ಇದೆ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳಬೇಕಿದೆ. ‘ಕ್ಯಾಪ್ಚರ್’ ಮತ್ತು ‘ಟ್ರ್ಯಾಪಿಂಗ್’ ಎರಡನ್ನೂ ನಾವು ‘ಸೆರೆ’ ಎಂದುಬಿಡುತ್ತೇವೆ. ಕಾರ್ಖಾನೆಯ ಹೊಗೆಯಿಂದ ಡೈಆಕ್ಸೈಡನ್ನು ಬೇರೆ ಮಾಡಿ ಹಿಡಿಯುವುದು ಸೆರೆ, ಸರಿ. ಅಲ್ಲಿ ಹಿಡಿಯುವವರಿದ್ದಾರೆ. ಕಲ್ಲಿನೊಳಗೆ ಹಿಡಿಯುವವರು ಯಾರೂ ಇಲ್ಲ. ಅಲ್ಲಿ ಅದು ತಾನಾಗಿ ಆಗುತ್ತದೆ. ಸೆರೆಹಿಡಿ ಸಕರ್ಮಕ, ಸಿಲುಕು ಅಕರ್ಮಕ. ಈ ವ್ಯತ್ಯಾಸ ಕನ್ನಡದಲ್ಲಿ ಸುಮ್ನೆ ಸಿಕ್ಕಿದೆ, ಯಾಕೆ ಬಿಡಬೇಕು?

ಇನ್ನೂ ನೋಡಿ. ಇಂಗ್ಲಿಷಿನಲ್ಲಿ ನಾಲ್ಕು ಬಗೆಯ ಟ್ರ್ಯಾಪಿಂಗ್ ಹೇಳುತ್ತಾರೆ. ಡೈಆಕ್ಸೈಡ್ ಉಪ್ಪುನೀರಿಗಿಂತ ಹಗುರ, ಹಾಗಾಗಿ ಮೇಲಕ್ಕೆ ಏರುತ್ತದೆ. ಮೇಲೆ ಸಂದಿಲ್ಲದ ಗಟ್ಟಿ ಪದರ ಇದ್ದರೆ ಅದರಡಿ ನಿಂತು ಹರಡಿಕೊಳ್ಳುತ್ತದೆ. ನಾರ್ವೆಯ ಸ್ಲೈಪ್ನರ್‌ನಲ್ಲಿ, ಸಮುದ್ರದ ತಳದ ಕೆಳಗಿನ ಮರಳುಗಲ್ಲಿಗೆ 1996ರಿಂದ ತುಂಬಿದ ಡೈಆಕ್ಸೈಡ್ ಹೀಗೆ ಏರಿ ಹರಡಿದ್ದನ್ನು ಕಂಪನದ ಅಲೆಗಳಿಂದ ಚಿತ್ರ ತೆಗೆದು ನೋಡಿದ್ದಾರೆ. ಈ ಮೊದಲನೆಯದು ಸಿಲುಕುವುದಲ್ಲ, ತಡೆದು ನಿಲ್ಲುವುದು. ಎರಡನೆಯದೇ ನಿಜವಾದ ಸಿಲುಕು. ಡೈಆಕ್ಸೈಡ್ ಮುಂದೆ ಸಾಗಿದ ಮೇಲೆ ನೀರು ಹಿಂದಿನಿಂದ ಮರಳಿ ಬರುತ್ತದೆ. ಕಲ್ಲಿನ ಮೈಗೆ ನೀರೇ ಹೆಚ್ಚು ಅಂಟುತ್ತಿದ್ದರೆ ಅದು ಸಂದಿನ ಗೋಡೆ ಹಿಡಿದು ನುಸುಳಿ, ಕಿರಿದಾದ ಕಡೆ ಡೈಆಕ್ಸೈಡಿನ ಎಳೆಯನ್ನು ತುಂಡು ಮಾಡುತ್ತದೆ. ತುಂಡಾದ ಗುಳ್ಳೆ ಅಲ್ಲೇ ಉಳಿಯುತ್ತದೆ. ಮೂರನೆಯದು ನೀರಿನಲ್ಲಿ ಕರಗುವುದು. ಹಾಗೆ ಕರಗಿಸಿಕೊಂಡ ನೀರು ತುಸು ಭಾರವಾಗಿ ಕೆಳಕ್ಕೆ ಇಳಿಯುತ್ತದೆ. ನಾಲ್ಕನೆಯದು ಖನಿಜಗಳ ಜೊತೆ ಸೇರಿ ಕಲ್ಲಾಗುವುದು. ಮರಳುಗಲ್ಲಿನಲ್ಲಿ ಅದಕ್ಕೆ ಬಹಳ ಕಾಲ ಬೇಕು. ತಡೆ, ಸಿಲುಕು, ಕರಗು, ಕಲ್ಲಾಗು. ನಾಲ್ಕಕ್ಕೂ ನಾಲ್ಕು ಕ್ರಿಯಾಪದ, ಒಂದನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಇದನ್ನು ಕಂಡಾಗ ನನಗಂತೂ ತುಂಬಾ ಖುಷಿಯಾಯಿತು.

‘ರಿಲೇಟಿವ್ ಪರ್ಮಿಯಬಿಲಿಟಿ’ಗೆ ‘ಸಾಪೇಕ್ಷ ಪಾರಗಮ್ಯತೆ’ ಎಂದು ಬರೆದು ಹೊಡೆದುಹಾಕಿದೆ. ಹೇಳುವುದು ಇಷ್ಟೇ: ಒಂದೇ ಸಂದಿನಲ್ಲಿ ಇಬ್ಬರು ಸಾಗುವಾಗ ಯಾರಿಗೆ ಎಷ್ಟು ದಾರಿ ಸಿಕ್ಕಿತು. ‘ದಾರಿಪಾಲು’ ಅಂದರೆ ಹೇಗೆ? ಒಂದು ಎಚ್ಚರ ಇದೆ. ಪಾಲು ಅಂದಾಗ ಎಲ್ಲ ಕೂಡಿದರೆ ಒಂದಾಗಬೇಕು ಎಂದು ಓದುವವರು ಎಣಿಸುತ್ತಾರೆ. ಇಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಕಡಿಮೆ. ಒಬ್ಬರಿಗೊಬ್ಬರು ಅಡ್ಡ ಬಂದು ಒಂದಿಷ್ಟು ದಾರಿ ಯಾರಿಗೂ ಸಿಗದೆ ಹೋಗುತ್ತದೆ. ಹಾಗಾಗಿ ‘ಪಾಲು’ ಬೇಡವೇನೋ.

‘ರಿಸರ್ವಾಯರ್’ಗೆ ‘ಜಲಾಶಯ’ ಬೇಡವೇ ಬೇಡ. ‘ತೈಲಾಶಯ’ ಅಂದರೂ ಒಳಗೊಂದು ಎಣ್ಣೆಯ ಕೆರೆ ಇದೆ ಎಂಬ ಚಿತ್ರ ಮೂಡುತ್ತದೆ. ಇರುವುದು ಎಣ್ಣೆ ಹೀರಿದ ಕಲ್ಲು. ‘ನಿಕ್ಷೇಪ’ ನನಗೆ ಇಷ್ಟ. ನಮ್ಮ ಶಾಸನಗಳಲ್ಲಿ ಭೂಮಿ ದಾನ ಕೊಡುವಾಗ ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂದು ಬರುತ್ತದಲ್ಲ, ಅದೇ ಪದ. ಇಟ್ಟದ್ದು, ನಂಬಿ ಒಪ್ಪಿಸಿದ್ದು ಎಂಬ ಅರ್ಥವೂ ಅದಕ್ಕಿದೆ. ಎಣ್ಣೆ ತೆಗೆದ ಜಾಗದಲ್ಲೇ ಡೈಆಕ್ಸೈಡ್ ಇಡುವಾಗ ಎರಡು ಅರ್ಥವೂ ಕೂಡಿಬರುತ್ತವೆ.

ನನಗೆ ಬೇಕಾಗಿರುವುದು ಮುಖ್ಯವಾಗಿ ಎರಡು. ‘ಫೇಸ್’ ಎಂಬ ನಾಮಪದಕ್ಕೆ ಗಡಿಯ ಅರ್ಥ ಬರುವಂಥ ಪದ ನಿಮ್ಮಲ್ಲಿ ಇದೆಯಾ? ಇಲ್ಲದಿದ್ದರೆ ‘ಫೇಸ್’ ಎಂದೇ ಉಳಿಸಿಕೊಳ್ಳುತ್ತೇನೆ. ಮತ್ತೆ, ‘ಒಡಹರಿವು’ ಕೇಳಿದ ತಕ್ಷಣ ನಿಮಗೆ ‘ಒಡೆದ ಹರಿವು’ ಎಂದು ಕೇಳಿಸಿತಾ? ಜೋರಾಗಿ ಒಮ್ಮೆ ಓದಿ ಹೇಳಿ.