ಮಾನೆಯ ಆಸ್ಪರಾಗಸ್ ಚಿತ್ರದಲ್ಲಿ ನೇರಳೆ ಬಣ್ಣ ಏಕಿದೆ?

ಕುಂಚಪ್ರಿಯ:
ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆ 1880ರಲ್ಲಿ ಬಿಡಿಸಿದ, ಈಗ ಜರ್ಮನಿಯ ಕಲೋನ್ ನಗರದಲ್ಲಿರುವ ಆಸ್ಪರಾಗಸ್ ಎಂಬ ದಂಟು ತರಕಾರಿಯ ಕಟ್ಟಿನ ತೈಲಚಿತ್ರವನ್ನು ಮುದ್ರಿತ ಪ್ರತಿಯೊಂದರಿಂದ ನೋಡಿ ಬಿಡಿಸುತ್ತಿದ್ದೇನೆ. ದಂಟುಗಳು ದಂತದ ಬಣ್ಣಕ್ಕಿದ್ದು, ತುದಿಗಳು ಮಾತ್ರ ನೇರಳೆಗೆ ತಿರುಗಿವೆ. ಇಂಪ್ರೆಷನಿಸ್ಟರು (ಕಂಡ ಬೆಳಕನ್ನು ಬಿಡಿಬಿಡಿಯಾದ ಚುರುಕು ಎಳೆತಗಳಲ್ಲಿ ಹಿಡಿಯುತ್ತಿದ್ದ ಅಂದಿನ ಫ್ರಾನ್ಸಿನ ಚಿತ್ರಕಾರರು) ನೆರಳಿಗೆ ಕಪ್ಪಿನ ಬದಲು ನೇರಳೆ ಹಚ್ಚುತ್ತಿದ್ದರಂತೆ; ಇದೂ ಅದೇ ಪದ್ಧತಿಯೇ? ಹಾಗಿದ್ದರೆ ಹಿನ್ನೆಲೆ ಅಷ್ಟು ಕಪ್ಪಾಗಿರುವುದೇಕೆ?

ತೋಟದಮನೆ:
ಅದು ನೆರಳಲ್ಲ, ತರಕಾರಿಯದೇ ಬಣ್ಣ. ಬಿಳಿ ಆಸ್ಪರಾಗಸ್ ಬೆಳೆಯುವವರು ಮೊಳಕೆಯ ಮೇಲೆ ಮಣ್ಣು ಏರಿಸುತ್ತಾರೆ. ಬಿಸಿಲು ಕಾಣದ ದಂಟಿನಲ್ಲಿ ಹಸಿರು ಮೂಡುವುದಿಲ್ಲ. ಮಣ್ಣು ಸೀಳಿಕೊಂಡು ಹೊರಬಂದ ತುದಿಗೆ ಬೆಳಕು ತಾಗಿದ ಕೂಡಲೇ ಅಲ್ಲಿ ನೇರಳೆ ಹತ್ತುತ್ತದೆ. ಪ್ಯಾರಿಸ್ ಬಳಿಯ ಅರ್ಜಾಂತೈ ಈ ಬೆಳೆಗೆ ಹೆಸರಾಗಿತ್ತು. (ನಮ್ಮ ಶತಾವರಿಯೂ ಇದೇ ಕುಲದ್ದು, ಆದರೆ ನಮಗೆ ಬೇಕಾಗಿರುವುದು ಅದರ ಬೇರು.)

ಹಳೆಚೌಕಟ್ಟು:
ಹಿನ್ನೆಲೆಯ ವಿಚಾರಕ್ಕೆ ಬಂದರೆ, ಮಾನೆಯನ್ನು ಇಂಪ್ರೆಷನಿಸ್ಟರ ಸಾಲಿನಲ್ಲಿ ಸಲೀಸಾಗಿ ಕೂರಿಸಲಾಗದು. 1874ರಿಂದ 1886ರವರೆಗೆ ಅವರು ನಡೆಸಿದ 8 ಪ್ರದರ್ಶನಗಳಲ್ಲಿ ಒಂದರಲ್ಲಿಯೂ ಆತ ಚಿತ್ರವಿಡಲಿಲ್ಲ. ಸ್ಪೇನಿನ ಹಳೆಯ ಚಿತ್ರಕಾರರನ್ನು ಮೆಚ್ಚಿದ್ದ ಆತ ಕಪ್ಪನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಕುಂಚದ ಓಟ ನೋಡಿ: ಒಂದೊಂದು ದಂಟಿಗೂ ಒಂದೆರಡು ಎಳೆತ, ಅಷ್ಟೇ. ನನ್ನ ಮಟ್ಟಿಗೆ ಇಂಪ್ರೆಷನಿಸಂ ಇರುವುದು ಆ ಎಳೆತದಲ್ಲಿ.

ಈ ಚಿತ್ರಕ್ಕೆ ಮಾನೆ ಕೇಳಿದ್ದು 800 ಫ್ರಾಂಕ್. ಕೊಂಡ ಶಾರ್ಲ್ ಎಫ್ರುಸ್ಸಿ ಕಳುಹಿಸಿದ್ದು 1000. ಆಗ ಮಾನೆ ಒಂದೇ ಒಂದು ದಂಟಿನ ಪುಟ್ಟ ಚಿತ್ರ ಬಿಡಿಸಿ, ನಿಮ್ಮ ಕಟ್ಟಿನಲ್ಲಿ ಇದೊಂದು ಕಡಿಮೆಯಾಗಿತ್ತು ಎಂದು ಬರೆದು ಕಳುಹಿಸಿದನೆಂದು ಹೇಳುತ್ತಾರೆ. ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಆ ಚಿತ್ರ ಒಂದು ಗೇಣಿಗಿಂತ ಹೆಚ್ಚು ಅಗಲವಿಲ್ಲ. ಅಲ್ಲಿ ಕಪ್ಪೇ ಇಲ್ಲ: ಬೂದು ಛಾಯೆಯ ಅಮೃತಶಿಲೆಯ ಮೇಲೆ ಹೆಚ್ಚುಕಡಿಮೆ ಅದೇ ಬಣ್ಣದ ದಂಟು. ನೀವು ಅದನ್ನೇ ಮೊದಲು ಬಿಡಿಸುವುದು ಒಳ್ಳೆಯದು.

ಕುಂಚಪ್ರಿಯ:
ಇಬ್ಬರಿಗೂ ಧನ್ಯವಾದಗಳು. ನೆರಳೆಂದು ತಿಳಿದು ನಾನು ನೇರಳೆಯನ್ನು ದಂಟಿನ ಬುಡದವರೆಗೂ ಎಳೆದಿದ್ದೆ. ಕಟ್ಟು ಬದನೆಕಾಯಿಯಂತೆ ಕಾಣುತ್ತಿದ್ದುದು ಅದಕ್ಕೇ ಇರಬೇಕು. ಬಣ್ಣ ಇನ್ನೂ ಹಸಿಯಾಗಿದೆ, ಈಗಲೇ ಕೆರೆದು ತೆಗೆಯುತ್ತೇನೆ.