ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದರೂ ದಾರ ಹೋಗುತ್ತಿದೆ, ರೀಲ್ ಹಾಳಾಗಿದೆಯಾ?

ಏರಿಹುಡುಗ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಗಾಳದ ಸೆಟ್ ಇದು: 7 ಅಡಿಯ ಹೆವಿ ಬಾಸ್ ರಾಡ್ (ಬಾಸ್ ಎಂಬ ಅಮೆರಿಕದ ಮೀನಿಗೆಂದು ಮಾಡಿದ್ದು), ಬೇಟ್‌ಕಾಸ್ಟರ್ ರೀಲ್ (ದಾರ ಸುತ್ತುವ ಉರುಳೆ, ಅಂದರೆ ಸ್ಪೂಲ್, ಅಡ್ಡಕ್ಕೆ ಇರುವ ರೀಲ್), 50 ಪೌಂಡ್ ಬ್ರೇಡ್ (ಹೆಣೆದ ದಾರ). ಮೂರೂ ಹೊಸದು. ಕೊರವ ಮೀನು ಹಿಡಿಯುವುದಕ್ಕೆಂದೇ ತಗೊಂಡೆ. ಲ್ಯೂರ್ (ನಕಲಿ ಎರೆ) ಎರಡು ಕೊಕ್ಕೆಯ ಟೊಳ್ಳು ರಬ್ಬರ್ ಕಪ್ಪೆ.

ಕೊರವ ಕಪ್ಪೆಗೆ ಚೆನ್ನಾಗಿಯೇ ಹೊಡೆಯುತ್ತದೆ. ರಾಡ್ ಎತ್ತಿ ಜೋರಾಗಿ ಎಳೆಯುತ್ತೇನೆ. ಒಂದು ಕ್ಷಣ ಭಾರ ಸಿಗುತ್ತದೆ. ಆಮೇಲೆ ಹಿಡಿತ ತಪ್ಪಿ, ಮೀನು ಸೀದಾ ಅಂತರಗಂಗೆಯ ಬುಡಕ್ಕೆ ನುಗ್ಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುತ್ತದೆ, ಆದರೆ ಮೀನು ಬರುವುದಿಲ್ಲ. ಸ್ಟಾರ್ ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರ ಹೋಗದಂತೆ ತಡೆಯುವ ಬ್ರೇಕಿನ ತಿರುಪನ್ನು, ಇನ್ನು ತಿರುಗದಷ್ಟು ಬಿಗಿ ಮಾಡಿದ್ದೇನೆ. ಡಬ್ಬದ ಮೇಲೆ 7 ಕೆ.ಜಿ. ಡ್ರ್ಯಾಗ್ ಎಂದು ಬರೆದಿದೆ. ಮನೆಯಲ್ಲಿ ಕೈಗೆ ದಾರ ಸುತ್ತಿಕೊಂಡು ಎಳೆದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಜೋರು ಮಾಡಿದರೆ ಬಂದುಬಿಡುತ್ತದೆ.

ಕೊಟ್ಟ ಅಂಗಡಿಯವರು ಬೇರೆ ರೀಲ್ ತಗೊಳ್ಳಿ ಅನ್ನುತ್ತಾರೆ. ದುಡ್ಡು ಈಗಷ್ಟೇ ಖರ್ಚಾಗಿದೆ. ಯಾರಿಗಾದರೂ ಹೀಗೆ ಆಗಿತ್ತಾ?

ಗಾಳಮೈಸೂರು

ಡ್ರ್ಯಾಗ್ ವಾಷರ್ ಇರಬೇಕು. ಹೊಸ ರೀಲಿನಲ್ಲೂ ಕೆಲವು ಸಲ ಎಣ್ಣೆ ವಾಷರಿಗೆ ಇಳಿದಿರುತ್ತದೆ. ಎಣ್ಣೆ ಕುಡಿದ ವಾಷರ್ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಬಿಚ್ಚಿ ಒರೆಸಿ ನೋಡಿ.

ಕೆ.ಆರ್.ಪೇಟೆ ಕಪ್ಪೆ

ನನಗೆ ಹಾಗೆ ಅನಿಸುವುದಿಲ್ಲ. ಮೀನು ಹೊಡೆದ ಸದ್ದು ಕೇಳಿದ ತಕ್ಷಣ ಎಳೆಯುತ್ತಿದ್ದೀರಾ? ಕೊರವ ಕಪ್ಪೆಯನ್ನು ಬಾಯಿಗೆ ತಗೊಂಡು ಒಳಕ್ಕೆ ತಿರುಗುವವರೆಗೆ ಬಿಡಬೇಕು. ಸದ್ದಿಗೆ ಎಳೆದರೆ ಕೊಕ್ಕೆ ಕೂರುವುದಿಲ್ಲ.

ಏರಿಹುಡುಗ, ಪಾಂಡವಪುರ

ಅಣ್ಣ, ಭಾರ ಸಿಕ್ಕ ಮೇಲೆಯೇ ಎಳೆಯುತ್ತಿದ್ದೇನೆ. ಹೊಡೆದು ಬಿಟ್ಟುಹೋಗುವುದು ಗೊತ್ತಾಗುತ್ತದೆ ಅಲ್ವಾ? ಇದು ಅದಲ್ಲ. ಮೀನು ಸಿಕ್ಕಿರುತ್ತದೆ, ದಾರವೇ ಹೋಗುತ್ತದೆ.

ಹಳೇರೀಲು, ಮೈಸೂರು

ರೀಲನ್ನು ಇನ್ನೂ ಬಿಚ್ಚಬೇಡಿ. ಹೊಸದನ್ನಂತೂ ತಗೊಳ್ಳಲೇಬೇಡಿ. ಮೊದಲು ಎಲ್ಲಿ ಜಾರುತ್ತಿದೆ ಎಂದು ಕಣ್ಣಲ್ಲಿ ನೋಡೋಣ.

ಬೇಟ್‌ಕಾಸ್ಟರ್‌ನಲ್ಲಿ ದಾರ ಹೊರಗೆ ಹೋಗಬೇಕಾದರೆ ಮೂರು ದಾರಿ. ಎಳೆದಾಗ ಹ್ಯಾಂಡಲ್ ಹಿಂದಕ್ಕೆ ತಿರುಗಿದರೆ ಒನ್‌ವೇ ಬೇರಿಂಗ್ ಕೈಕೊಟ್ಟಿದೆ. ಹ್ಯಾಂಡಲ್ ನಿಂತಿದ್ದು ಸ್ಪೂಲ್ ಮಾತ್ರ ತಿರುಗಿದರೆ ಡ್ರ್ಯಾಗ್ ಜಾರುತ್ತಿದೆ, ಆಗ ಗಾಳಮೈಸೂರು ಹೇಳಿದ್ದು ಸರಿ. ಹ್ಯಾಂಡಲೂ ನಿಂತು, ಸ್ಪೂಲೂ ನಿಂತು, ದಾರ ಮಾತ್ರ ಬರುತ್ತಿದ್ದರೆ ರೀಲಿಗೆ ಏನೂ ಆಗಿಲ್ಲ. ದಾರದ ಇಡೀ ಸುತ್ತೇ ಸ್ಪೂಲಿನ ಮೇಲೆ ಜಾರುತ್ತಿದೆ.

ಒಂದು ಪರ್ಮನೆಂಟ್ ಮಾರ್ಕರ್ ತಗೊಳ್ಳಿ. ಸ್ಪೂಲಿನ ಅಂಚಿನಿಂದ ಶುರುಮಾಡಿ ದಾರದ ಮೇಲೆ ಹಾದು ಆ ಕಡೆಯ ಅಂಚಿನವರೆಗೆ ಒಂದೇ ಗೆರೆ ಎಳೆಯಿರಿ. ದಾರದ ತುದಿಯನ್ನು ಗೇಟಿಗೋ ತೆಂಗಿನ ಮರಕ್ಕೋ ಕಟ್ಟಿ. ರಾಡನ್ನು ಬಗ್ಗಿಸದೆ ಮರದ ಕಡೆಗೇ ನೇರ ಹಿಡಿದು ನಿಧಾನಕ್ಕೆ ಹಿಂದೆ ಸರಿಯಿರಿ. ಕಣ್ಣು ಸ್ಪೂಲ್ ಮೇಲೆ ಇರಲಿ.

ಇನ್ನೊಂದು ಮಾತು. ಬ್ರೇಡನ್ನು ಇನ್ನು ಮುಂದೆ ಕೈಗೆ ಸುತ್ತಿ ಎಳೆಯಬೇಡಿ. ಚರ್ಮ ಕುಯ್ದುಬಿಡುತ್ತದೆ. ಎಳೆಯಲೇಬೇಕಾದರೆ ಒಂದು ಕೋಲಿಗೆ ಸುತ್ತಿಕೊಳ್ಳಿ.

ಏರಿಹುಡುಗ, ಪಾಂಡವಪುರ

ನೋಡಿದೆ ಸರ್. ಹ್ಯಾಂಡಲ್ ಅಲುಗಲಿಲ್ಲ. ಸ್ಪೂಲಿನ ಎರಡು ಅಂಚಿನ ಗೆರೆಗಳೂ ಇದ್ದಲ್ಲೇ ಇದ್ದವು. ಮಧ್ಯದ ಗೆರೆ ಮೊದಲು ಸ್ವಲ್ಪ ಸರಿಯಿತು, ನಿಂತಿತು. ಇನ್ನೂ ಎಳೆದಾಗ ಕಿರ್ರ್ ಎಂದು ಸದ್ದು ಮಾಡಿ ದಾರವೆಲ್ಲ ಒಟ್ಟಿಗೆ ತಿರುಗಿಹೋಯಿತು. ಇದು ನಿಮ್ಮ ಮೂರನೆಯದೇ ಅಲ್ವಾ?

ಹಳೇರೀಲು, ಮೈಸೂರು

ಹೌದು, ಅದೇ. ಗಿರಣಿಯಲ್ಲಿ ಬೆಲ್ಟ್ ಜಾರಿದಾಗ ಮೋಟರ್ ಓಡುತ್ತಿದ್ದರೂ ಕಲ್ಲು ನಿಲ್ಲುತ್ತದಲ್ಲ, ಹಾಗೆ.

ಕಾರಣ ಹೇಳುತ್ತೇನೆ. ನೈಲಾನ್ ದಾರ, ಅಂದರೆ ಮೋನೊ, ಹಿಗ್ಗುತ್ತದೆ. ಎಳೆದು ಸುತ್ತಿದಾಗ ಸ್ಪೂಲನ್ನು ಅಪ್ಪಿ ಹಿಡಿಯುತ್ತದೆ. ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು, ಮೇಲಾಗಿ ಅದರ ಮೈ ನುಣುಪು. ನುಣ್ಣನೆಯ ಅಲ್ಯೂಮಿನಿಯಂ ಮೇಲೆ ಅದನ್ನು ನೇರ ಸುತ್ತಿದರೆ ಬುಡದ ಗಂಟು ಎಷ್ಟೇ ಗಟ್ಟಿ ಇದ್ದರೂ ಸುತ್ತುಗಳೆಲ್ಲ ಒಂದು ಬಳೆಯಾಗಿ ತಿರುಗುತ್ತವೆ. ಸಣ್ಣ ಎಳೆತಕ್ಕೆ ಗೊತ್ತಾಗುವುದಿಲ್ಲ. ನೀವು ಕೊಕ್ಕೆ ಕೂರಿಸಲು ಜೋರಾಗಿ ಎಳೆಯುತ್ತೀರಲ್ಲ, ಆಗ ಜಾರುತ್ತದೆ. ಅಂದರೆ ಕೊಕ್ಕೆಗೆ ಹೋಗಬೇಕಾದ ಬಲ ಅಲ್ಲಿಗೆ ತಲುಪುತ್ತಲೇ ಇಲ್ಲ. ಕೊರವನ ಬಾಯಿ ಗಟ್ಟಿ. ಕೊಕ್ಕೆ ಅರ್ಧ ಚುಚ್ಚಿರುತ್ತದೆ, ಮೀನು ತಲೆ ಒದರಿದರೆ ಮುಗಿಯಿತು.

ಪರಿಹಾರಕ್ಕೆ ಖರ್ಚು ತೀರಾ ಕಡಿಮೆ. ಬ್ರೇಡನ್ನು ಪೂರ್ತಿ ಬಿಚ್ಚಿ. ಸ್ಪೂಲಿನ ಬುಡಕ್ಕೆ ಮೊದಲು 10–12 ಪೌಂಡಿನ ಮೋನೊ ಕಟ್ಟಿ, ತಳ ಮುಚ್ಚುವಷ್ಟು ಒತ್ತಾಗಿ ಸುತ್ತಿ. ಹತ್ತು ಮೀಟರ್ ಧಾರಾಳವಾಗಿ ಸಾಕು. ಅದರ ತುದಿಗೆ ಬ್ರೇಡನ್ನು ಡಬಲ್ ಯೂನಿ ಗಂಟಿನಿಂದ ಸೇರಿಸಿ. ಮೋನೊ ಕಡೆ ನಾಲ್ಕೈದು ಸುತ್ತು, ಬ್ರೇಡ್ ಕಡೆ ಎಂಟು ಸುತ್ತು. ಬಿಗಿ ಮಾಡುವ ಮುಂಚೆ ಗಂಟನ್ನು ಒದ್ದೆ ಮಾಡಿ.

ಈಗ ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಕೆಲಸ. ಬ್ರೇಡನ್ನು ಬಿಗಿಯಾಗಿ ಸುತ್ತಬೇಕು. ಒಬ್ಬರು ಒದ್ದೆ ಬಟ್ಟೆಯಲ್ಲಿ ದಾರವನ್ನು ಅದುಮಿ ಹಿಡಿದಿರಲಿ, ಇನ್ನೊಬ್ಬರು ಹ್ಯಾಂಡಲ್ ತಿರುಗಿಸಲಿ. ಬಟ್ಟೆ ಬೆಚ್ಚಗಾಗುವಷ್ಟು ಒತ್ತಡ ಇರಬೇಕು. ಸಡಿಲ ಸುತ್ತಿದರೆ ಮೀನು ಎಳೆದಾಗ ಮೇಲಿನ ಎಳೆ ಕೆಳಗಿನ ಸುತ್ತುಗಳ ಸಂದಿಗೆ ಹೂತುಹೋಗುತ್ತದೆ. ಮುಂದಿನ ಕಾಸ್ಟಿಗೆ, ಅಂದರೆ ಕಪ್ಪೆ ಎಸೆದಾಗ, ಅಲ್ಲೇ ಸಿಕ್ಕಿಕೊಂಡು ಸ್ಪೂಲ್ ಗಕ್ಕನೆ ನಿಲ್ಲುತ್ತದೆ, ಕಪ್ಪೆ ಹಿಂದಕ್ಕೆ ಬರುತ್ತದೆ, ಇಲ್ಲದಿದ್ದರೆ ಕಿತ್ತುಕೊಂಡು ಕೆರೆ ಮಧ್ಯಕ್ಕೆ ಹೋಗುತ್ತದೆ. ಸ್ಪೂಲಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗೆ ದಾರ ನಿಲ್ಲಿಸಿ. ತುಂಬಿ ತುಳುಕಿದರೆ ಗೋಜಲು ಜಾಸ್ತಿ.

ಹೇಗೂ ಬಿಚ್ಚುತ್ತಿದ್ದೀರಿ, ದಾರದ ಒಳತುದಿ ಹೊರತುದಿ ಅದಲುಬದಲು ಮಾಡಿಕೊಳ್ಳಿ. ಕಪ್ಪೆ ಎಸೆಯುವವರು ಬಳಸುವುದು ಮೇಲಿನ ಮೂವತ್ತು ನಲವತ್ತು ಮೀಟರ್ ಅಷ್ಟೇ. ಒಳಗಿನದು ಹೊಚ್ಚ ಹೊಸದು. ಒಂದೇ ಬಾಟಲಿಗೆ ಸುತ್ತಿ ವಾಪಸ್ ರೀಲಿಗೆ ಸುತ್ತಿದರೆ ಮೊದಲಿದ್ದ ಹಾಗೇ ಕೂರುತ್ತದೆ. ಒಂದು ಬಾಟಲಿಯಿಂದ ಎರಡನೇ ಬಾಟಲಿಗೆ ಹಾಯಿಸಿ, ಅಲ್ಲಿಂದ ರೀಲಿಗೆ ತಗೊಳ್ಳಿ. ಆಗ ಒಳಗಿನ ತುದಿ ಹೊರಗೆ ಬರುತ್ತದೆ.

ಗಾಳಮೈಸೂರು

ಸರ್ ಹೇಳಿದ್ದು ಒಪ್ಪಿದೆ. ಮೋನೊ ಇಲ್ಲದವರು ಸ್ಪೂಲಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿದರೂ ನಡೆಯುತ್ತದೆ. ನಾನು ಹಾಗೇ ಮಾಡಿಕೊಂಡಿದ್ದೇನೆ.

ಹಳೇರೀಲು, ಮೈಸೂರು

ನಡೆಯುತ್ತದೆ, ಆದರೆ ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಜಿಡ್ಡಾಗುತ್ತದೆ. ಬಣ್ಣದ ಟೇಪ್ ಆಮೇಲೆ ಸರಿದಾಡುವುದನ್ನು ನೋಡಿದ್ದೇನೆ. ಗಾಯಕ್ಕೆ ಹಾಕುವ ಬಟ್ಟೆ ಟೇಪ್ ವಾಸಿ. ಇನ್ನು ಕೆಲವು ಸ್ಪೂಲುಗಳ ತಳದಲ್ಲಿ ತೂತುಗಳಿರುತ್ತವೆ. ಒಂದರಲ್ಲಿ ದಾರ ತೂರಿಸಿ ಇನ್ನೊಂದರಲ್ಲಿ ಹೊರಗೆ ತೆಗೆದು ಕಟ್ಟಿದರೆ ಟೇಪೂ ಬೇಡ, ಮೋನೊನೂ ಬೇಡ. ಏರಿಹುಡುಗ, ದಾರ ಬಿಚ್ಚಿದಾಗ ನಿಮ್ಮದರಲ್ಲಿ ಇದೆಯಾ ನೋಡಿ.

ಏರಿಹುಡುಗ, ಪಾಂಡವಪುರ

ತೂತಿಲ್ಲ ಸರ್, ನುಣ್ಣಗಿದೆ. ಮೋನೊ ಹಾಕುತ್ತೇನೆ. ಆದರೆ ಡ್ರ್ಯಾಗ್ ಎಷ್ಟು ಇಡಬೇಕು? ಅಮೆರಿಕದ ಬಾಸ್ ವಿಡಿಯೊಗಳಲ್ಲಿ ಕಪ್ಪೆಗೆ ಪೂರ್ತಿ ಲಾಕ್ ಮಾಡಿ ಅನ್ನುತ್ತಾರೆ.

ಕೆ.ಆರ್.ಪೇಟೆ ಕಪ್ಪೆ

ಲಾಕ್ ಮಾಡಿದರೆ ಜಾರುವುದು ನಿಂತ ಮೇಲೆ ಅಷ್ಟೂ ಬಲ ರಾಡಿಗೂ ಕೊಕ್ಕೆಗೂ ಬೀಳುತ್ತದೆ. ಇಷ್ಟು ದಿನ ನಿಮ್ಮ ರಾಡ್ ಉಳಿದದ್ದು ದಾರ ಜಾರುತ್ತಿದ್ದುದಕ್ಕೇ ಇರಬಹುದು. ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿ ಇದೆಯಲ್ಲ, ಅದಕ್ಕೆ ದಾರ ಕಟ್ಟಿ, ರಾಡ್ ನೇರ ಹಿಡಿದು ಎಳೆಯಿರಿ. ನಾಲ್ಕೈದು ಕೆ.ಜಿ.ಗೆ ಸ್ಪೂಲ್ ಬಿಡುವ ಹಾಗೆ ಇಡಿ. ಇನ್ನೂ ಬೇಕಾದರೆ ಹೆಬ್ಬೆರಳು ಸ್ಪೂಲ್ ಮೇಲೆ ಇದ್ದೇ ಇದೆ.

ಬಾಸ್ ವಿಡಿಯೊ ನೋಡಿ ಗೇರ್ ತಗೊಳ್ಳುವುದರಲ್ಲಿ ತಪ್ಪಿಲ್ಲ. ಸೊಪ್ಪಿನೊಳಗಿಂದ ಮೀನು ಎಬ್ಬಿಸುವುದಕ್ಕೆ ಅವರು ಮಾಡಿದ ರಾಡ್ ನಮಗೂ ಸರಿಹೋಗುತ್ತದೆ. ಆದರೆ ಮೀನಿನ ನಡವಳಿಕೆ ನಮ್ಮ ಕೆರೆಯಲ್ಲೇ ಕಲಿಯಬೇಕು. ಕೊರವ ಗಾಳಿ ಕುಡಿಯುವ ಮೀನು. ಕಿವಿರು ಒಂದರಿಂದಲೇ ಬದುಕಲಾರದು, ಆಗಾಗ ಮೇಲೆ ಬರಲೇಬೇಕು. ಏರಿಯ ಮೇಲೆ ಸುಮ್ನೆ ನಿಂತು ನೋಡಿದರೆ ಸೊಪ್ಪಿನ ಸಂದಿಯಲ್ಲಿ ಗುಳುಕ್ ಎಂದು ಬಂದು ಹೋಗುವುದು ಕಾಣುತ್ತದೆ. ಅದರ ಮೇಲೆ ಎಸೆಯಬೇಡಿ. ಅದಕ್ಕಿಂತ ಆಚೆಗೆ ಎಸೆದು ಎಳೆದು ತನ್ನಿ. ಎರಡು ಎಳೆತ, ಒಂದು ನಿಲುಗಡೆ. ಹೆಚ್ಚಾಗಿ ನಿಲ್ಲಿಸಿದಾಗಲೇ ಹೊಡೆಯುತ್ತದೆ.

ಮದ್ದೂರಿನವ

ಮಧ್ಯೆ ಒಂದು ಪ್ರಶ್ನೆ, ಕ್ಷಮಿಸಿ. ನಿಜವಾದ ಬಾಸನ್ನೇ ತಂದು ನಮ್ಮ ಕಡೆ ಕೆರೆಗೆ ಬಿಟ್ಟರೆ ಹೇಗೆ? ಕೆ.ಆರ್.ಎಸ್. ಹಿನ್ನೀರು ಅಷ್ಟು ದೊಡ್ಡದಿದೆ.

ಹಳೇರೀಲು, ಮೈಸೂರು

ದಯವಿಟ್ಟು ಆ ಯೋಚನೆಯನ್ನೇ ಬಿಡಿ. ಇದನ್ನು ಕೈ ಮುಗಿದು ಹೇಳುತ್ತಿದ್ದೇನೆ.

ದೊಡ್ಡಬಾಯಿ ಬಾಸ್ ಉತ್ತರ ಅಮೆರಿಕದ ಮೀನು. ಜಪಾನಿನ ಬಿವಾ ಸರೋವರಕ್ಕೂ ಅದು ಹೊರಗಿನಿಂದಲೇ ಬಂತು. 2009ರಲ್ಲಿ ಅಲ್ಲಿ ಸಿಕ್ಕ ಒಂದು ಮೀನು, 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹಿಡಿದ 10 ಕೆ.ಜಿ. ದಾಟಿದ ಮೀನಿನ ದಾಖಲೆಗೆ ಸಮನಾಯಿತು. ಗಾಳದವರಿಗೆ ಅದು ಸಂಭ್ರಮದ ಸುದ್ದಿ. ಆದರೆ ಅದಕ್ಕೂ ಮುಂಚೆಯೇ, 2005ರಲ್ಲಿ, ಜಪಾನ್ ಸರ್ಕಾರ ಬಾಸನ್ನು ಹಾನಿಕಾರಕ ಪರದೇಶಿ ಜೀವಿಗಳ ಪಟ್ಟಿಗೆ ಸೇರಿಸಿತ್ತು, ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತದೆ ಎಂದು.

ನಮ್ಮಲ್ಲಿ ಈಗಾಗಲೇ ಆಗಿರುವುದು ಸಾಲದಾ? ಹೊರಗಿನಿಂದ ಬಂದ ಜಿಲೇಬಿ ಮೀನು (ತಿಲಾಪಿಯ) ಇಲ್ಲದ ಕೆರೆ ಹುಡುಕಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದರೂ ಅದು ಇನ್ನೂ ಗಾಳಕ್ಕೆ ಬರುತ್ತದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಈ ನದಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಯ ತುತ್ತತುದಿಗೆ ಸೇರಿಸಿದರು. ಅಂಥ ನೀರಿಗೆ ಇನ್ನೊಂದು ಬೇಟೆಗಾರ ಮೀನನ್ನು ಯಾರಾದರೂ ಬಿಟ್ಟರೆ ವಾಪಸ್ ತೆಗೆಯುವ ದಾರಿಯೇ ಇಲ್ಲ.

ಮದ್ದೂರಿನವ

ಅರ್ಥವಾಯಿತು ಸರ್. ಇಷ್ಟೆಲ್ಲ ಗೊತ್ತಿರಲಿಲ್ಲ.

ಏರಿಹುಡುಗ, ಪಾಂಡವಪುರ

ಕೆಲಸ ಆಯಿತು! ಮೋನೊ ಹಾಕಿ, ಎರಡು ಬಾಟಲಿಗೆ ಹಾಯಿಸಿ, ತಮ್ಮನ ಕೈಯಲ್ಲಿ ಒದ್ದೆ ಬಟ್ಟೆ ಹಿಡಿಸಿ ಸುತ್ತಿದೆ. ಗೆರೆ ಎಳೆದು ಮತ್ತೆ ಮರಕ್ಕೆ ಕಟ್ಟಿ ನೋಡಿದೆ. ಈ ಸಲ ಅಂಚಿನ ಗೆರೆಯೂ ದಾರದ ಗೆರೆಯೂ ಒಟ್ಟಿಗೇ ತಿರುಗಿದವು, ಅದೂ ತಕ್ಕಡಿ ನಾಲ್ಕೂವರೆ ಕೆ.ಜಿ. ತೋರಿಸಿದ ಮೇಲೆ. ಅಂದರೆ ಈಗ ಡ್ರ್ಯಾಗ್ ತನ್ನ ಕೆಲಸ ಮಾಡುತ್ತಿದೆ.

ಇವತ್ತು ಬೆಳಿಗ್ಗೆ ಕೆರೆಗೆ ಹೋಗಿದ್ದೆ. ಒಂದು ಕೊರವ ಬಂತು, ಒಂದೂವರೆ ಕೆ.ಜಿ. ಇರಬಹುದು. ಅಂತರಗಂಗೆ ಸಮೇತ ಎಳೆದುಕೊಂಡು ಬಂದೆ. ಎರಡು ಕೊಕ್ಕೆಯೂ ಮೇಲ್ದವಡೆಯಲ್ಲಿ ಬುಡದವರೆಗೆ ಕೂತಿದ್ದವು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನೊಂದು ವಿಷಯ. ಅದೇ ಕೆರೆಯ ಮೂಲೆಯಲ್ಲಿ ಕೆಂಪಗೆ ಸಣ್ಣ ಮರಿಗಳ ಗುಂಪು ಗುಳುಗುಳು ಎನ್ನುತ್ತಿತ್ತು. ಅದರ ಕೆಳಗೆ ದೊಡ್ಡ ಕೊರವ ಇದ್ದೇ ಇರುತ್ತದೆ, ಅಲ್ಲಿಗೆ ಎಸೆ ಎಂದು ಪಕ್ಕದಲ್ಲಿದ್ದವರು ಹೇಳಿದರು. ನಾನು ಎಸೆಯಲಿಲ್ಲ. ಸರಿ ಮಾಡಿದೆನಾ?

ಕೆ.ಆರ್.ಪೇಟೆ ಕಪ್ಪೆ

ಬಹಳ ಸರಿ ಮಾಡಿದೆ ಗುರು. ಅಪ್ಪ ಅಮ್ಮ ಮರಿ ಕಾಯುತ್ತಿರುತ್ತವೆ. ಆಗ ಹೊಡೆಯುವುದು ಹಸಿವಿಗಲ್ಲ, ಮರಿ ಉಳಿಸಿಕೊಳ್ಳುವುದಕ್ಕೆ. ಕಾಯುವ ಮೀನನ್ನು ಎತ್ತಿದರೆ ಅಷ್ಟೂ ಮರಿ ಬೇರೆ ಮೀನುಗಳ ಪಾಲು. ಮರಿ ಗುಂಪು ಕಂಡರೆ ಆ ಮೂಲೆ ಬಿಟ್ಟು ಮುಂದೆ ಹೋಗುವುದು ನಮ್ಮ ಗುಂಪಿನಲ್ಲಿ ಎಲ್ಲರೂ ಪಾಲಿಸುವ ಮಾತು.

ಕೆರೆಯ ಮೀನು ಗುತ್ತಿಗೆ ಯಾರದು ಎಂದು ಪಂಚಾಯ್ತಿಯಲ್ಲಿ ಕೇಳಿ ಅವರಿಗೆ ಒಂದು ಮಾತು ಹೇಳಿ. ಹೇಳಿ ಹೋದರೆ ಬಹಳಷ್ಟು ಜನ ಬೇಡ ಅನ್ನುವುದಿಲ್ಲ. ರಂಗನತಿಟ್ಟಿನ ಕಡೆ ಹೊಳೆಗೆ ಮಾತ್ರ ಗಾಳ ತಗೊಂಡು ಹೋಗಲೇಬೇಡಿ, ಅದು ಪಕ್ಷಿಧಾಮ.

ಮದ್ದೂರಿನವ

ನನ್ನದು ಸ್ಪಿನ್ನಿಂಗ್ ರೀಲ್, 20 ಪೌಂಡ್ ಬ್ರೇಡ್. ನನಗೂ ಈ ಜಾರುವ ತೊಂದರೆ ಬರುತ್ತದಾ?

ಹಳೇರೀಲು, ಮೈಸೂರು

ಬರುತ್ತದೆ. ಸ್ಪೂಲಿನ ತಳಕ್ಕೆ ರಬ್ಬರ್ ಪಟ್ಟಿ ಇದ್ದರೆ ಬ್ರೇಡನ್ನು ನೇರ ಸುತ್ತಬಹುದು, ಇಲ್ಲದಿದ್ದರೆ ನಿಮಗೂ ಮೋನೊನೇ. ಗೆರೆ ಎಳೆದು ನೋಡುವುದೂ ಅದೇ ರೀತಿ. ಒಂದೇ ವ್ಯತ್ಯಾಸ, ಸ್ಪಿನ್ನಿಂಗ್‌ನಲ್ಲಿ ಕಾಸ್ಟ್ ಆದ ಮೇಲೆ ಬೇಲ್ ತಂತಿಯನ್ನು (ದಾರವನ್ನು ಸ್ಪೂಲಿಗೆ ಹಾಯಿಸುವ ಬಾಗಿದ ತಂತಿ) ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಹ್ಯಾಂಡಲ್ ತಿರುಗಿಸಿ ಮುಚ್ಚಿದರೆ ಸಡಿಲ ಸುತ್ತೊಂದು ಒಳಗೆ ಕೂತು, ಮುಂದಿನ ಕಾಸ್ಟಿನಲ್ಲಿ ಗಂಟಾಗಿ ಹೊರಗೆ ಬರುತ್ತದೆ.