ದಿನಾಂಕ ದಾಟಿದ ತರಕಾರಿಯನ್ನು ತಿನ್ನಬಹುದೇ? ಆಹಾರ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಫ್ರಿಜ್‌ನಲ್ಲಿ ಮೂರು ಪೊಟ್ಟಣ ಉಳಿದಿವೆ: ಇಡೀ ಕ್ಯಾರೆಟ್, ಹೆಚ್ಚಿದ ಬೀನ್ಸ್, ಹೆಸರುಕಾಳಿನ ಮೊಳಕೆ. ಮೂರರ ದಿನಾಂಕವೂ ಮೊನ್ನೆಗೆ ಮುಗಿದಿದೆ. ಮೂಸಿ ನೋಡಿದರೆ ಯಾವುದರಲ್ಲೂ ಕೆಟ್ಟ ವಾಸನೆಯಿಲ್ಲ. ಎಸೆಯಲು ಅತ್ತೆ ಒಪ್ಪುತ್ತಿಲ್ಲ, ಮನೆಯಲ್ಲಿ ನಾಲ್ಕು ವರ್ಷದ ಮಗನಿದ್ದಾನೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಕ್ಯಾರೆಟ್ ಉಳಿಸಿಕೊಳ್ಳಿ, ಉಳಿದೆರಡನ್ನೂ ಎಸೆಯಿರಿ. ಅತ್ತೆಯವರ ಸಂಕಟ ನ್ಯಾಯವಾದದ್ದೇ. ಅನ್ನ ಚೆಲ್ಲಬಾರದೆಂದು ಬೆಳೆದವರು ಅವರು. ಆದ್ದರಿಂದ ಕಾರಣವನ್ನೂ ಹೇಳುತ್ತೇನೆ.

ಸಿಪ್ಪೆ ಸುಲಿಯದ, ಕತ್ತರಿಸದ ಹಸಿ ತರಕಾರಿಗೆ ಬಳಕೆಯ ಕೊನೆಯ ದಿನಾಂಕ ನಮೂದಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಕಡ್ಡಾಯ ಮಾಡಿಲ್ಲ. ಇಡೀ ಕ್ಯಾರೆಟ್ಟಿನ ಮೇಲಿನ ದಿನಾಂಕ ಅದು ಎಷ್ಟು ದಿನ ಗರಿಗರಿಯಾಗಿರುತ್ತದೆ ಎಂಬ ಅಂದಾಜು ಮಾತ್ರ. ಅಲ್ಲಿ ನಿಮ್ಮ ಕಣ್ಣು, ಕೈ ಸಾಕು. ಬಾಡಿದ್ದರೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ಲೋಳೆಯಾಗಿದ್ದರೆ ಮಾತ್ರ ಎಸೆಯಿರಿ.

ಚಾಕು ತಾಗಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಹೆಚ್ಚಿದಾಗ ಒಳಗಿನ ರಸ ಹೊರಬರುತ್ತದೆ, ಬ್ಯಾಕ್ಟೀರಿಯಾಗಳಿಗೆ ಆಹಾರವೂ ತೇವವೂ ಒಟ್ಟಿಗೆ ಸಿಗುತ್ತವೆ. ತರಕಾರಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ವಾಸನೆ ಎಬ್ಬಿಸುತ್ತವೆ. ನಮ್ಮನ್ನು ಆಸ್ಪತ್ರೆಗೆ ಸೇರಿಸುವ ಸಾಲ್ಮೊನೆಲ್ಲಾ, ಲಿಸ್ಟೀರಿಯಾಗಳು ಬಹುಮಟ್ಟಿಗೆ ಯಾವ ವಾಸನೆಯನ್ನೂ ಕೊಡುವುದಿಲ್ಲ. ಲಿಸ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಹಾಗಾಗಿ ಹೆಚ್ಚಿದ ತರಕಾರಿಯ ವಿಷಯದಲ್ಲಿ ಮೂಗನ್ನು ನಂಬಬೇಡಿ, ದಿನಾಂಕವನ್ನು ನಂಬಿ.

ಮೊಳಕೆಯ ಬಗ್ಗೆ ನನ್ನದು ಇನ್ನೂ ಬಿಗಿ ನಿಲುವು. ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗಿನ ವಾತಾವರಣವೇ ಬ್ಯಾಕ್ಟೀರಿಯಾಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿಯ ಅಪಾಯಕಾರಿ ತಳಿಯೊಂದು ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಕೊನೆಗೆ ಬಂದು ನಿಂತದ್ದು ಮೊಳಕೆಯ ಮೇಲೆ, ಅದರಲ್ಲೂ ಈಜಿಪ್ಟಿನಿಂದ ತರಿಸಿದ್ದ ಮೆಂತ್ಯದ ಬೀಜದ ಮೇಲೆ. ಸೋಂಕು ಬೀಜದಲ್ಲೇ ಇದ್ದರೆ ಮೊಳಕೆಯನ್ನು ಎಷ್ಟು ತೊಳೆದರೂ ಹೋಗುವುದಿಲ್ಲ. ದಿನಾಂಕದೊಳಗಿದ್ದರೂ ಪುಟ್ಟ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಸಿ ಮೊಳಕೆಯ ಕೋಸಂಬರಿ ಬೇಡ. ಚೆನ್ನಾಗಿ ಬೇಯಿಸಿ ಉಸಲಿ ಮಾಡಿಕೊಡಿ.

ಮರುಪ್ರಶ್ನೆ: ಕ್ಯಾರೆಟ್ ಮೇಲೆ ಬೆಳ್ಳಗೆ ಪುಡಿಯಂತೆ ಕಾಣುತ್ತಿದೆ. ಬೂಷ್ಟು ಇರಬಹುದೇ?

ಉತ್ತರ: ಒದ್ದೆ ಬೆರಳಿನಿಂದ ಒರೆಸಿ ನೋಡಿ. ಬಿಳುಪು ಮಾಯವಾಗಿ ಕೇಸರಿ ಬಣ್ಣ ಮರಳಿದರೆ ಅದು ಮೇಲ್ಮೈ ಒಣಗಿದ್ದು ಅಷ್ಟೆ, ತಿನ್ನಬಹುದು. ಹತ್ತಿಯಂತೆ ಎದ್ದು ನಿಂತ ಎಳೆಗಳಿದ್ದರೆ ಬೂಷ್ಟು.

ಇನ್ನೊಬ್ಬ ಸದಸ್ಯರು: ಬೂಷ್ಟು ಬಂದ ಭಾಗವನ್ನಷ್ಟೇ ಕತ್ತರಿಸಿ ತೆಗೆದರೆ ಸಾಲದೇ? ಟೊಮೆಟೊದಲ್ಲಿ ನಾವು ಹಾಗೆಯೇ ಮಾಡುತ್ತೇವೆ.

ಉತ್ತರ: ಟೊಮೆಟೊದಲ್ಲಿ ಬೇಡ ಸರ್. ನೀರಿನಂಶ ಹೆಚ್ಚಿರುವ ಮೆತ್ತನೆಯ ತರಕಾರಿಯಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತವೆ. ಟೊಮೆಟೊ, ಸೌತೆಕಾಯಿ, ದ್ರಾಕ್ಷಿ ಇವನ್ನೆಲ್ಲ ಎಸೆಯುವುದೇ ಸರಿ. ಕ್ಯಾರೆಟ್, ಎಲೆಕೋಸಿನಂಥ ಗಟ್ಟಿ ತರಕಾರಿಯಲ್ಲಿ ಕಲೆಯ ಸುತ್ತಲೂ ಕೆಳಗೂ ಒಂದಂಗುಲ ಬಿಟ್ಟು ಕತ್ತರಿಸಿದರೆ ಉಳಿದದ್ದನ್ನು ಬಳಸಬಹುದು. ಚಾಕು ಬೂಷ್ಟಿಗೆ ತಾಗಬಾರದು. ಮೂಗಿನ ಹತ್ತಿರ ಹಿಡಿದು ಮೂಸಲೂ ಹೋಗಬೇಡಿ, ಅದರ ಬೀಜಕಣಗಳು ಉಸಿರಿನೊಂದಿಗೆ ಒಳಹೋಗುತ್ತವೆ.

ಪ್ರಶ್ನೆ: ಮೊಳಕೆ ಬಂದ ಆಲೂಗಡ್ಡೆ ವಿಷವೆನ್ನುತ್ತಾರೆ. ಈರುಳ್ಳಿ, ಬೆಳ್ಳುಳ್ಳಿಯೂ ಹಾಗೆಯೇ?

ಉತ್ತರ: ಈರುಳ್ಳಿ, ಬೆಳ್ಳುಳ್ಳಿಯ ಮೊಳಕೆಯಿಂದ ಭಯವಿಲ್ಲ. ಆಲೂಗಡ್ಡೆಯ ಮಾತು ಬೇರೆ. ಬೆಳಕಿಗೆ ಬಿದ್ದ ಗಡ್ಡೆ ಹಸಿರಾಗುತ್ತದೆ, ಜೊತೆಗೆ ಸೊಲನೈನ್ ಎಂಬ ವಿಷವೂ ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಗಡ್ಡೆ ಗಟ್ಟಿಯಾಗಿದ್ದು ಸಣ್ಣ ಮೊಳಕೆಯಷ್ಟೇ ಇದ್ದರೆ ಕಣ್ಣನ್ನು ಆಳವಾಗಿ ಕೆತ್ತಿ, ಸಿಪ್ಪೆಯನ್ನು ದಪ್ಪಗೆ ತೆಗೆದು ಬಳಸಿ. ಬಹುಪಾಲು ಹಸಿರಾಗಿದ್ದರೆ, ಸುಕ್ಕುಗಟ್ಟಿದ್ದರೆ, ಬೇಯಿಸಿದ ಮೇಲೆ ಕಹಿ ಎನಿಸಿದರೆ ತಿನ್ನಬೇಡಿ.

ಪ್ರಶ್ನೆ: ಹೆಚ್ಚಿಟ್ಟ ಕಲ್ಲಂಗಡಿ, ಪಪ್ಪಾಯಿ?

ಉತ್ತರ: ಹೊರಗೆ ಎರಡು ಗಂಟೆ, ಕಡುಬೇಸಿಗೆಯಲ್ಲಿ ಒಂದೇ ಗಂಟೆ. ಹೆಚ್ಚುವ ಮೊದಲೇ ಇಡೀ ಹಣ್ಣನ್ನು ತೊಳೆಯಿರಿ, ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ.

ಪ್ರಶ್ನೆ: ನಮ್ಮದು ಹಳ್ಳಿ, ದಿನಾಂಕದ ಗೊಡವೆಯಿಲ್ಲ. ಮನೆಯ ಶೇಂಗಾ ಮಳೆಗೆ ತೇವವಾಗಿ ಕೆಲವು ಕಾಳು ಹಸಿರು ಬೂಷ್ಟು ಹಿಡಿದಿವೆ. ಹುರಿದು ಚಟ್ನಿಪುಡಿ ಮಾಡಬಹುದೇ? ಇಲ್ಲದಿದ್ದರೆ ಹಸುವಿಗಾದರೂ ಹಾಕಬಹುದೇ?

ಉತ್ತರ: ಎರಡೂ ಬೇಡ. ಇದು ಈವರೆಗೆ ಕೇಳಿದ ಎಲ್ಲ ಪ್ರಶ್ನೆಗಳಿಗಿಂತ ಗಂಭೀರ. ಶೇಂಗಾ, ಮೆಕ್ಕೆಜೋಳ, ಕೊಬ್ಬರಿಯ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಬಹುಕಾಲ ತಿಂದರೂ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು.

ಬೂಷ್ಟು ಹಿಡಿದ, ಬಣ್ಣಗೆಟ್ಟ, ಮುರುಟಿದ, ಮುಗ್ಗಲು ವಾಸನೆಯ ಕಾಳುಗಳನ್ನೆಲ್ಲ ಆರಿಸಿ ತೆಗೆದು ಮಣ್ಣಿನಲ್ಲಿ ಹೂಳಿ. ಉಳಿದದ್ದು ಸಿಪ್ಪೆಯೊಳಗೆ ಕಟಕಟ ಸದ್ದು ಮಾಡುವವರೆಗೆ ಬಿಸಿಲಿನಲ್ಲಿ ಒಣಗಲಿ. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಅರ್ಧಕ್ಕರ್ಧ ಕಾಳು ಕೆಟ್ಟಿದ್ದರೆ ಆರಿಸುವ ಗೋಜಿಗೂ ಹೋಗಬೇಡಿ. ಹಸುವಿಗಂತೂ ಹಾಕಲೇಬೇಡಿ. ಆ ವಿಷ ರೂಪ ಬದಲಿಸಿ ಹಾಲಿನಲ್ಲಿ ಬರುತ್ತದೆ, ಹಾಲು ಕಾಯಿಸಿದರೂ ಉಳಿಯುತ್ತದೆ.